ಗಿರಣಿಗೆ ಸೋತ ಬೀಸುಕಲ್ಲು, ಮಶೀನಿಗೆ ಬಗ್ಗದ ಕೌದಿ

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಲ್ಲಿ, ಅದರ ಸುತ್ತಲಿನ ಎರೆನೆಲದ ಊರುಗಳಲ್ಲಿ, ಹಾಗೆಯೇ ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಸೀಮೆಯಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರು ಪದರಾಗಿ ಹಾಸಿ, ಉದ್ದಕ್ಕೂ ಸೂಜಿದಾರದಿಂದ ಬಂಧಿಸಿ ಮಾಡಿದ ಹಾಸು-ಹೊದಿಕೆಗೆ ಕೌದಿ ಎಂದು ಹೆಸರು. ಮರಾಠಿಯ ಗೋಧಡಿ, ತೆಲುಗಿನ ಬೊಂತ, ಬಂಗಾಳದ ಕಾಂಥಾ ಇವೆಲ್ಲ ಇದರ ಒಕ್ಕಲೇ ಆದರೂ, ಹೂಬಳ್ಳಿ, ಆನೆ, ಕುದುರೆಗಳ ಕಸೂತಿಯಿಂದ ವಸ್ತುಸಂಗ್ರಹಾಲಯಗಳನ್ನು ಸೇರಿದ ಕಾಂಥಾದ ಬೆಡಗು ಈ ಬಯಲುಸೀಮೆಯ ಕೌದಿಗೆ ಇಲ್ಲ; ಬೆರಳಗಲ ಅಂತರದಲ್ಲಿ ಸಾಗುವ ಹೊಲಿಗೆಯ ಸಾಲುಗಳೇ ಅದರ ಅಲಂಕಾರ.

ಈ ಸೀಮೆಯ ಹೆಣ್ಣುಮಕ್ಕಳ ಮನೆಗೆಲಸದೊಳಗೆ ಎರಡು ಯಂತ್ರಗಳು ಕಾಲಿಟ್ಟವು: ಒಂದು ಹಿಟ್ಟಿನ ಗಿರಣಿ, ಇನ್ನೊಂದು ಹೊಲಿಗೆ ಮಶೀನು. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಅವರ ಒಡನಾಡಿಗಳು, 1931ರಲ್ಲಿ ಹೆಣ್ಣುಮಕ್ಕಳ ಬೀಸುವ ಹಾಡುಗಳಿರುವ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಾಗ ಬೀಸುಕಲ್ಲು ಇನ್ನೂ ಮನೆಮನೆಯಲ್ಲಿ ತಿರುಗುತ್ತಿತ್ತು. ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಬೀಸುವ ಹಾಡು ಕೆಲಸದಿಂದ ಕಳಚಿಕೊಂಡು ಪುಸ್ತಕದಲ್ಲೂ ವೇದಿಕೆಯಲ್ಲೂ ಉಳಿಯಿತು. ಹೊಲಿಗೆ ಮಶೀನು ಕುಪ್ಪಸ, ಅಂಗಿ, ಲಂಗ, ಚೀಲ, ದಿಂಬಿನ ಗವಸು ಎಲ್ಲವನ್ನೂ ಅಷ್ಟೇ ನಿರಾಯಾಸವಾಗಿ ಗೆದ್ದುಕೊಂಡಿತಾದರೂ ಕೌದಿಯ ಮುಂದೆ ಮಾತ್ರ ಬಹುಕಾಲ ತಡವರಿಸಿತು.

ಸೂಜಿಯ ಕೆಲಸಕ್ಕೆ ಈ ನೆಲದಲ್ಲಿ ಹಳೆಯ ಗೌರವವಿದೆ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರನಿದ್ದ. ಹೊಲಿಗೆಯನ್ನೇ ಕಸುಬಾಗಿ ಉಳ್ಳವರನ್ನು ಸಿಂಪಿಗರು ಎಂದು ಕರೆಯುವ ವಾಡಿಕೆ ಇಂದಿಗೂ ಇದೆ. ಮಶೀನಿನ ಚರಿತ್ರೆಯಾದರೋ ಅಮೆರಿಕದ್ದು: 1846ರಲ್ಲಿ ಎಲಿಯಾಸ್ ಹೋವ್, 1851ರಲ್ಲಿ ಐಸಾಕ್ ಸಿಂಗರ್ ಪಡೆದ ಪೇಟೆಂಟುಗಳ ಬೆನ್ನಲ್ಲೇ ಅದು ಲೋಕವನ್ನೆಲ್ಲ ಸುತ್ತಿತು, 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ‘ಉಷಾ’ ಯಂತ್ರಗಳು ತಯಾರಾಗತೊಡಗಿದ ಮೇಲೆ ದೇಶೀಯವೂ ಆಯಿತು. ಯಂತ್ರಗಳನ್ನು ಸಂಶಯದಿಂದ ನೋಡುತ್ತಿದ್ದ ಗಾಂಧೀಜಿ 1924ರ ಸಂವಾದವೊಂದರಲ್ಲಿ ಸಿಂಗರ್ ಮಶೀನನ್ನು ಅಪವಾದವೆಂದು ಎತ್ತಿ ಹೇಳಿದ್ದರು. ಹೆಂಡತಿ ಕೈಹೊಲಿಗೆಯಲ್ಲಿ ಬೇಯುವುದನ್ನು ಕಂಡು ಮರುಗಿ ಸಿಂಗರ್ ಅದನ್ನು ರೂಪಿಸಿದನೆಂದು ಅವರು ನಂಬಿದ್ದರು. ಸಿಂಗರನ ಸಂಸಾರದ ನಿಜ ಚರಿತ್ರೆ ಅಷ್ಟು ಹಿತವಾದುದಲ್ಲ, ಅದು ಬೇರೆ ಮಾತು.

ಮಶೀನು ತಡವರಿಸಿದ್ದಕ್ಕೆ ಮೊದಲ ಕಾರಣ ಅದರ ರಚನೆಯಲ್ಲೇ ಇದೆ. ಮಶೀನಿನಲ್ಲಿ ಬಟ್ಟೆಯನ್ನು ಮುಂದೆ ಒಯ್ಯುವುದು ಸೂಜಿಯ ಕೆಳಗಿರುವ ಗರಗಸದಂಥ ಹಲ್ಲುಗಳು. ಮೇಲಿನಿಂದ ಒಂದು ಲೋಹದ ಪಾದ ಬಟ್ಟೆಯನ್ನು ಒತ್ತಿ ಹಿಡಿದಿರುತ್ತದೆ. ಎರಡು ಪದರಿನ ಕುಪ್ಪಸಕ್ಕೆ ಈ ಏರ್ಪಾಡು ಸಾಕು, ಆದರೆ ನಾಲ್ಕೈದು ಪದರಿನ ಕೌದಿಯಲ್ಲಿ ಹಲ್ಲುಗಳು ಕೆಳಪದರನ್ನು ಎಳೆದೊಯ್ಯುವಾಗ ಪಾದದಡಿಯ ಮೇಲ್ಪದರು ಹಿಂದೆ ಉಳಿದು, ಸಾಲು ಮುಗಿಯುವ ಹೊತ್ತಿಗೆ ನಿರಿಗೆ ಬೀಳುತ್ತದೆ. ಮೊದಲೇ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರುಗಳನ್ನು ಹಿಡಿದಿಟ್ಟರೆ ಇದು ತಪ್ಪುತ್ತದೆ. ಹಾಗೆ ಮಾಡಿದರೆ ಕೈಕೆಲಸ ಮತ್ತೆ ಹಿಂಬಾಗಿಲಿನಿಂದ ಬಂದಂತೆಯೇ ಸರಿ. ಇನ್ನು ಸೂಜಿಯ ಬಲಬದಿಗೆ ಮನೆಯ ಮಶೀನಿನಲ್ಲಿರುವ ಜಾಗ ಗೇಣಿಗಿಂತ ಹೆಚ್ಚಿಲ್ಲವಾದ್ದರಿಂದ, ಹಾಸಿಗೆಯಗಲದ ಕೌದಿಯನ್ನು ಸುರುಳಿ ಸುತ್ತಿ ಅಷ್ಟರೊಳಗೆ ತುರುಕಬೇಕಾಗುತ್ತದೆ, ನಡುಭಾಗಕ್ಕೆ ಬಂದಾಗಲಂತೂ ಹೊಲಿಯುವುದಕ್ಕಿಂತ ಆ ಭಾರವನ್ನು ಹೊರುವುದೇ ದೊಡ್ಡ ಕೆಲಸವಾಗುತ್ತದೆ. ಕೈಹೊಲಿಗೆಯಲ್ಲಿ ಕೌದಿ ಪಡಸಾಲೆಯ ನೆಲದ ಮೇಲೆ ಹಾಸಿದಂತೆಯೇ ಇರುತ್ತದೆ, ಹೊಲಿಯುವವರೇ ಅದರ ಸುತ್ತ ಸರಿದುಕೊಂಡು ಹೋಗುತ್ತಾರೆ, ನಾಲ್ವರು ಕೂತರೆ ನಾಲ್ಕು ಕಡೆಯಿಂದಲೂ ಕೆಲಸ ಸಾಗುತ್ತದೆ.

ಎರಡನೆಯದು ಹೊಲಿಗೆಯ ಗುಣ. ಕೈಯಲ್ಲಿ ಒಂದೇ ದಾರ ಮೇಲೆ-ಕೆಳಗೆ ಮುಳುಗಿ ಏಳುತ್ತದೆ, ಎಳೆಗಳ ನಡುವೆ ಸಡಿಲವಿರುತ್ತದೆ, ಕೌದಿ ಮೈಗೆ ಬಾಗುತ್ತದೆ. ಮಶೀನಿನಲ್ಲಿ ಮೇಲಿನ ದಾರವೂ ಬಾಬಿನ್ನಿನ ದಾರವೂ ಪ್ರತಿ ಹೊಲಿಗೆಯಲ್ಲಿ ಒಂದನ್ನೊಂದು ಕೊಕ್ಕೆ ಹಾಕಿಕೊಳ್ಳುವುದರಿಂದ ಸಾಲು ಗಟ್ಟಿ, ಆದರೆ ಸೆಡೆತ. ಈ ಗಟ್ಟಿತನ ಹೊಸ ಬಟ್ಟೆಗೆ ವರವಾದರೂ ಹಳೆಯ ಬಟ್ಟೆಗೆ ಶತ್ರು: ನವರಾತ್ರಿಗೆ ಮುಂಚೆ ಹಾಸಿಗೆ-ಹೊದಿಕೆಗಳನ್ನೆಲ್ಲ ಹಳ್ಳಕ್ಕೆ ಒಯ್ದು ಕಲ್ಲಿಗೆ ಬಡಿದು ಒಗೆಯುವಾಗ ಕೈಹೊಲಿಗೆಯ ಹತ್ತಿಯ ದಾರ ತಾನು ಹರಿದು ಬಟ್ಟೆಯನ್ನು ಉಳಿಸುತ್ತದೆ, ನೈಲಾನ್ ದಾರದ ಬಿಗಿ ಸಾಲಾದರೆ ತಾನು ಉಳಿದು ಸವೆದ ಸೀರೆಯನ್ನು ಕೊಯ್ಯುತ್ತದೆ. ದಾರ ಹರಿದ ಕೌದಿಗೆ ಮತ್ತೆ ಹೊಲಿಗೆ ಹಾಕಬಹುದು, ಮೇಲ್ಪದರು ಜೀರ್ಣವಾದರೆ ಇನ್ನೊಂದು ಸೀರೆ ಹೊದಿಸಬಹುದು.

ಇಷ್ಟೆಲ್ಲ ಇದ್ದರೂ ದುಡಿಮೆಯ ಲೆಕ್ಕ ಮಶೀನಿನ ಕಡೆಗೇ ವಾಲುತ್ತದೆ, ಅದನ್ನು ಮುಚ್ಚಿಟ್ಟು ಕೈಹೊಲಿಗೆಯನ್ನು ಹಾಡಿ ಹೊಗಳುವುದು ನ್ಯಾಯವಲ್ಲ. 9 ಗಜದ ಸೀರೆಯನ್ನು 4 ಮಡಿಕೆ ಮಾಡಿದರೆ ಸುಮಾರು 2 ಮೀಟರ್ ಉದ್ದ, 1.2 ಮೀಟರ್ ಅಗಲದ 4 ಪದರು ಸಿಗುತ್ತವೆ. ಒಬ್ಬರ ಹೊದಿಕೆಗೆ ಸಾಕು. 2 ಸೆಂಟಿಮೀಟರಿಗೊಂದರಂತೆ 60 ಸಾಲು, ಒಟ್ಟು 120 ಮೀಟರ್ ಹೊಲಿಗೆ. ಸೆಂಟಿಮೀಟರಿಗೊಂದು ಎಳೆಯೆಂದರೂ 12,000 ಎಳೆ. ಕೈಗೆ ಅದು ಹಲವು ಮಧ್ಯಾಹ್ನಗಳ ಕೆಲಸ, ಮಶೀನಿಗೆ ಒಂದು ಪೂರ್ವಾಹ್ನದ್ದು. ಆ ಮಧ್ಯಾಹ್ನಗಳು ಬಿಳಿಜೋಳದ ಸುಗ್ಗಿ ಮುಗಿದ ಬೇಸಿಗೆಯಲ್ಲಿ, ಕೂಲಿಯಿಲ್ಲದೆ, ಮನೆಯ ಹೆಂಗಸರಿಂದ ಬರುತ್ತಿದ್ದವು. ಮನೆಯಲ್ಲಿ ಆಗದಿದ್ದಾಗ ಊರೂರು ತಿರುಗುವ ಗೊಂಧಳಿ ಸಮುದಾಯದ ಹೆಣ್ಣುಮಕ್ಕಳು ಬಂದು ಹೊಲಿದುಕೊಡುತ್ತಿದ್ದರು. ಮಶೀನಿನ ಹೊಲಿಗೆಯವರಿಗೆ ಕೊಟ್ಟರೆ ಪುಕ್ಕಟೆ ಬಟ್ಟೆಯ ಕೌದಿಗೂ ಕೈಯಿಂದ ರೊಕ್ಕ ಬಿಚ್ಚಬೇಕಿತ್ತು.

ಕೊನೆಗೆ ಮಶೀನಿಗೆ ದಾರಿ ತೆರೆದದ್ದು ಅದರ ವೇಗವಲ್ಲ, ಬಟ್ಟೆ. ನೆರೆಯ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಹತ್ತಿಯೊಡಲಿನ ಸೀರೆ ಒಗೆದಷ್ಟೂ ಮೆತ್ತಗಾಗಿ ಪದರಿಗೆ ಪದರು ಅಂಟಿಕೊಂಡು ಕೂರುತ್ತಿತ್ತು. ಅದರ ಜಾಗಕ್ಕೆ ಬಂದ ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಮೆತ್ತಗಾಗುವುದಿಲ್ಲ, ಬೆವರು ಹೀರುವುದಿಲ್ಲ, ಪದರುಗಳು ಒಂದರ ಮೇಲೊಂದು ಜಾರುತ್ತವೆ. ಸಡಿಲವಾದ ಕೈಹೊಲಿಗೆಗಿಂತ ಬಿಗಿಯಾದ ಮಶೀನು ಹೊಲಿಗೆಯೇ ಇದಕ್ಕೆ ಹೆಚ್ಚು ಒಗ್ಗುತ್ತದೆ. ಅತ್ತ ಸೊಲ್ಲಾಪುರದ ಮಗ್ಗಗಳ ಚಾದರ ಅಗ್ಗವಾಗಿ ಮನೆ ಹೊಕ್ಕು, ಕೌದಿಯ ಅಗತ್ಯವನ್ನೇ ಕುಗ್ಗಿಸಿತು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಮಹಿಳೆಯರ ಕವಂದಿಯ ಹಾದಿ ಬೇರೆಯಾಯಿತು. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ನಡುವಿಗೆ ಹೊಲಿಯುತ್ತ ಹೋಗಿ, ಮೂಲೆಗಳಿಗೆ ‘ಫೂಲ’ವೆಂಬ ಮಡಿಸಿದ ತ್ರಿಕೋನ ತುಂಡುಗಳನ್ನು ಕೂರಿಸುವ ಅವರ ಕೈಕೆಲಸವನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಹೊರನಾಡಿಗೆ ಪರಿಚಯಿಸಿದ ಬಳಿಕ, ಕೈಯೆಂಬುದೇ ಅದರ ಬೆಲೆಯಾಯಿತು. ಬಯಲುಸೀಮೆಯ ಕೌದಿಗೆ ಅಂಥ ಕೊಳ್ಳುಗರು ಅಪರೂಪ, ಆದ್ದರಿಂದ ಇಲ್ಲಿಯ ಆಯ್ಕೆ ಮನೆಯೊಳಗಿನ ಅನುಕೂಲದ ಮೇಲೆಯೇ ನಿಂತಿದೆ: ತೇಪೆಗಳನ್ನು, ಅಂದರೆ ಮೇಲ್ಪದರಿನ ಬಣ್ಣದ ತುಂಡುಗಳನ್ನು, ಒಂದಕ್ಕೊಂದು ಕೂಡಿಸುವುದಕ್ಕೂ ಅಂಚು ಕಟ್ಟುವುದಕ್ಕೂ ಮಶೀನು, ಪದರುಗಳನ್ನು ಬಂಧಿಸುವ ಒಳಸಾಲುಗಳಿಗೆ ಕೈ.

ತೊಟ್ಟಿಲಲ್ಲಿ ಈ ಹಂಚಿಕೆ ಇನ್ನೂ ಸ್ಪಷ್ಟ. ಕೂಸಿನ ತಲೆಗೆ ಕಟ್ಟುವ ಮಿರುಗುವ ಕುಂಚಿಗೆಯನ್ನು ಮಶೀನಿನಲ್ಲಿ ಹೊಲಿಸಿದರೂ, ಸಾಲಿನ ಗಡಸು ಎಳೆಮೈಗೆ ಒತ್ತಬಾರದೆಂದು ಕೆಳಗೆ ಹಾಸುವ ಪುಟ್ಟ ಕೌದಿಯನ್ನು ಕೈಯಲ್ಲೇ ಹೊಲಿಯುವ ಅಜ್ಜಿಯರಿದ್ದಾರೆ. ಅದಕ್ಕೆ ಬೇಕಾದ ಹತ್ತಿಯ ಹಳೆಯ ಸೀರೆಯನ್ನು ಮಾತ್ರ ಈಗ ಟ್ರಂಕಿನ ತಳದಲ್ಲಿ ಹುಡುಕಬೇಕಾಗಿದೆ.