ಎರಡು ಬಾಗಿಲಲ್ಲಿ ತಾಂಬೂಲ

ಮದುವೆಗೆ ಎಷ್ಟು ಜನ ಬಂದಿದ್ದರು? ಊಟಕ್ಕೆ ಹಾಕಿದ ಎಲೆ ಎಣಿಸಬಹುದು, ಹಂಚಿದ ತಾಂಬೂಲದ ಚೀಲ ಎಣಿಸಬಹುದು. ಆದರೆ ಛತ್ರಕ್ಕೆ ಎರಡು ಬಾಗಿಲಿದ್ದು, ಎರಡರಲ್ಲೂ ಚೀಲ ಕೊಡುತ್ತಿದ್ದರೆ ಆ ಲೆಕ್ಕ ಕೆಟ್ಟಿತೆಂದೇ ತಿಳಿಯಿರಿ. ಜಾಲತಾಣಕ್ಕೆ ಬಂದವರನ್ನು ಎಣಿಸುವವರ ತಲೆನೋವೂ ಇದೇ.

ಅಂಗಡಿಯೊಂದರ ಜಾಲತಾಣವನ್ನು ನೆನೆಯಿರಿ. ಮೂಲ ವಿಳಾಸದ ಮುಂದೆ ‘ಶಾಪ್’ ಸೇರಿದರೆ ಮಾರಾಟದ ಪುಟ, ‘ಹೆಲ್ಪ್’ ಸೇರಿದರೆ ಸಹಾಯದ ಪುಟ. ಹೀಗೆ ಮುಂದೆ ಅಂಟಿಕೊಳ್ಳುವುದೇ ಸಬ್‌ಡೊಮೈನ್. ಗಿರಾಕಿಗೆ ಇದೆಲ್ಲ ಒಂದೇ ಮನೆ, ಬ್ರೌಸರ್‌ಗೆ ಹಾಗಲ್ಲ.

ಬಂದವರ ಗುರುತಿಗೆ ಜಾಲತಾಣ ಬ್ರೌಸರ್‌ನಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ ಕುಕಿ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ ಇದನ್ನು ರೂಪಿಸಿದ. ಚೀಟಿಯ ಮೇಲೆ ಯಾವ ವಿಳಾಸ ಬರೆದಿದೆ ಎಂಬುದರಲ್ಲೇ ಎಲ್ಲ ಗುಟ್ಟೂ ಇದೆ. ‘ಶಾಪ್’ ಸೇರಿದ ವಿಳಾಸಕ್ಕಷ್ಟೇ ಬರೆದಿದ್ದರೆ ಸಹಾಯದ ಪುಟಕ್ಕೆ ಆ ಚೀಟಿ ಕಾಣದು. ಅದು ಹೊಸ ಚೀಟಿ ಕೊಡುತ್ತದೆ, ಒಬ್ಬರು ಇಬ್ಬರಾಗುತ್ತಾರೆ. ಮೂಲ ವಿಳಾಸಕ್ಕೆ ಬರೆದರೆ ಎಲ್ಲ ಬಾಗಿಲಲ್ಲೂ ಅದೇ ಚೀಟಿ ನಡೆಯುತ್ತದೆ.

ತಾಣಕ್ಕೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ 2005ರಲ್ಲಿ ಬಂದಾಗ ಮೂಲ ವಿಳಾಸವನ್ನು ನಾವೇ ಕೋಡ್‌ನಲ್ಲಿ ಬರೆದು ತಿಳಿಸಬೇಕಿತ್ತು. ಮರೆತರೆ ತಮಾಷೆಯ ವರದಿ ಸಿಗುತ್ತಿತ್ತು: ನಿಮ್ಮ ತಾಣಕ್ಕೆ ಜನರನ್ನು ಕಳಿಸುತ್ತಿರುವುದು ನಿಮ್ಮದೇ ತಾಣ! ಜಾಹೀರಾತು ನೋಡಿ ಬಂದ ಗಿರಾಕಿ ಪಕ್ಕದ ಬಾಗಿಲಿಗೆ ಹೋದೊಡನೆ ಜಾಹೀರಾತಿನ ಶ್ರೇಯಸ್ಸು ಅಳಿಸಿಹೋಗುತ್ತಿತ್ತು.

ಈಗ ಆ ಕೆಲಸವನ್ನು ಕೋಡ್ ತಾನೇ ಮಾಡುತ್ತದೆ, ಅದೂ ಚಂದದ ಉಪಾಯದಿಂದ. ಸಾಧ್ಯವಾದಷ್ಟು ಗಿಡ್ಡ ವಿಳಾಸಕ್ಕೆ ಚೀಟಿ ಬರೆಯಲು ನೋಡುತ್ತದೆ. ‘ಕೋ ಡಾಟ್ ಇನ್’ ಎಂದಷ್ಟೇ ಬರೆದರೆ ಬ್ರೌಸರ್ ಒಪ್ಪುವುದಿಲ್ಲ, ಏಕೆಂದರೆ ಅದು ಸಾವಿರಾರು ತಾಣಗಳು ಹಂಚಿಕೊಂಡ ಬಾಲ. ಇಂಥ ಬಾಲಗಳ ಪಟ್ಟಿಯೊಂದನ್ನು ಮೊಜಿಲ್ಲಾ ಆರಂಭಿಸಿತು. ಬ್ರೌಸರ್‌ಗಳು ಅದನ್ನೇ ನೋಡುತ್ತವೆ. ಬೈಸಿಕೊಂಡ ಕೋಡ್ ಇನ್ನೊಂದು ತುಂಡು ಸೇರಿಸಿ ಮತ್ತೆ ಬರೆಯುತ್ತದೆ. ಒಪ್ಪಿಗೆಯಾದಲ್ಲಿ ನಿಲ್ಲುತ್ತದೆ.

ಹಾಗೆಂದು ನಿಶ್ಚಿಂತರಾಗುವಂತಿಲ್ಲ. ಎಲ್ಲ ಸಬ್‌ಡೊಮೈನ್‌ಗಳಲ್ಲೂ ಅನಲಿಟಿಕ್ಸ್ ಕೊಡುವ ಒಂದೇ ಅಳತೆ ಸಂಖ್ಯೆ (ಮೆಷರ್‌ಮೆಂಟ್ ಐಡಿ) ಇರಬೇಕು. ವರದಿಯಲ್ಲಿ ಪುಟದ ದಾರಿಯನ್ನಷ್ಟೇ ನೋಡಿದರೆ ಎಲ್ಲ ಮುಖಪುಟಗಳೂ ಒಂದೇ ಓರೆಗೆರೆಯಾಗಿ ಬೆರೆತುಬಿಡುತ್ತವೆ. ಹೋಸ್ಟ್‌ನೇಮ್, ಅಂದರೆ ಸಬ್‌ಡೊಮೈನ್ ಸೇರಿದ ತಾಣದ ವಿಳಾಸವನ್ನು ಜೊತೆಗಿಟ್ಟು ನೋಡಬೇಕು. ಇನ್ನು ಸಫಾರಿ ಬ್ರೌಸರ್ ಪುಟದ ಸ್ಕ್ರಿಪ್ಟ್ ಬರೆದ ಕುಕಿಗಳನ್ನು 7 ದಿನಕ್ಕೇ ಅಳಿಸುತ್ತದೆ. ಎಂಟನೆಯ ದಿನ ಬಂದ ಹಳೆಯ ಗೆಳೆಯ ಅಲ್ಲಿ ಹೊಸಬ.

ನನಗೆ ಹೆಚ್ಚು ಇಷ್ಟವಾದದ್ದು ವಿಕಿಪೀಡಿಯದ ದಾರಿ. ಭಾಷೆಗೊಂದು ಸಬ್‌ಡೊಮೈನ್ ಇರುವ ಅದು ಓದುಗರಿಗೆ ಗುರುತಿನ ಸಂಖ್ಯೆ ಕೊಟ್ಟು ಎಣಿಸುವುದಿಲ್ಲ. ಚೀಟಿಯಲ್ಲಿ ಬರೆಯುವುದು ಕೊನೆಯ ಭೇಟಿಯ ದಿನಾಂಕ ಮಾತ್ರ. ಇಂದಿನ ದಿನಾಂಕವಿದ್ದರೆ ಈಗಾಗಲೇ ಎಣಿಸಿದ್ದಾಗಿದೆ. ಹಳೆಯದಿದ್ದರೆ ಒಂದು ಕೂಡಿಸು, ದಿನಾಂಕ ತಿದ್ದು. ನೀವು ಯಾರೆಂದು ತಿಳಿಯದೆಯೇ ಲೆಕ್ಕ ಮುಗಿಯಿತು. ಎಣಿಸುವುದೂ ಮನುಷ್ಯರನ್ನಲ್ಲ, ಸಾಧನಗಳನ್ನು. ಭಾಷೆಗೊಂದು ಚೀಟಿ, ಮೂಲ ವಿಳಾಸಕ್ಕೆ ಇನ್ನೊಂದು. ಕನ್ನಡದ ಪುಟ ಓದಿ ಇಂಗ್ಲಿಷ್‌ಗೆ ಹಾರಿದ ಫೋನು ಎರಡೂ ಭಾಷೆಯ ಪಟ್ಟಿಯಲ್ಲಿ ಇರುತ್ತದೆ. ಒಟ್ಟು ಬೇಕಾದಾಗ ಆ ಪಟ್ಟಿಗಳನ್ನು ಕೂಡುವುದಿಲ್ಲ, ಮೂಲ ವಿಳಾಸದ ಚೀಟಿ ನೋಡುತ್ತಾರೆ.