ತಟ್ಟು ಗಟ್ಟಿ, ಸವಾರ ಎಷ್ಟು ಕಿಲೋ?

ಹಿಂಗಾರಿ ಜೋಳ ಕೊಯ್ದು ಕಣಕಿ ಬಣವೆ ಏರಿದ ಮೇಲೆ ವಳಸಂಗದ ಸುತ್ತಿನ ಬೋಳು ಹೊಲಗಳಲ್ಲಿ ಕುರಿ ಹಟ್ಟಿ ಬೀಳುತ್ತವೆ. ಹೊಲದವನಿಗೆ ಗೊಬ್ಬರ, ಕುರುಬನಿಗೆ ಕಾಳುಕಡಿ ಇಲ್ಲವೆ ರೊಕ್ಕ. ಹಟ್ಟಿ ಒಂದೂರಿಂದ ಇನ್ನೊಂದೂರಿಗೆ ಎದ್ದು ಹೊರಟಾಗ ನೋಡಬೇಕು. ಮುಂದೆ ಕುರಿ, ಬದಿಗೆ ನಾಯಿ, ಹಿಂದೆ ತಟ್ಟುಗಳ ಸಾಲು. ತಟ್ಟಿನ ಬೆನ್ನ ಮೇಲೆ ಬಲೆ, ಗೂಟ, ಹಂಡೆ, ಹಿಟ್ಟಿನ ಚೀಲ, ಕೌದಿ. ಅದರ ಮೇಲೆ ಕಾಲು ಕಟ್ಟಿದ ಕೋಳಿ, ಸಂದಿಯಲ್ಲಿ ತಲೆ ಹೊರಹಾಕಿದ ಎಳೆ ಕುರಿಮರಿ. ಕೆಲವೊಮ್ಮೆ ಎಲ್ಲದರ ಮೇಲೆ ಒಂದು ಕೂಸು. ದೊಡ್ಡವರು ಮಾತ್ರ ನಡೆದೇ ಹೋಗುತ್ತಾರೆ. ನೀವೂ ಹತ್ತಬಾರದೇ ಎಂದು ಒಮ್ಮೆ ಒಬ್ಬ ಮುದುಕನನ್ನು ಕೇಳಿದ್ದೆ. "ನಮ್ಮ ಕಾಲು ಇನ್ನೂ ಅದಾವಲ್ರಿ" ಎಂದ.

ಜಿಲ್ಲಾ ಪರಿಷತ್ತಿನ ಪಶು ದವಾಖಾನೆಗಳಲ್ಲಿ ಪಶುಧನ ಪರ್ಯವೇಕ್ಷಕನಾಗಿ ದುಡಿದು ನಿವೃತ್ತನಾದವನು ನಾನು. ಎಮ್ಮೆ ಗಬ್ಬ ನಿಲ್ಲುತ್ತಿಲ್ಲ, ಹೋರಿ ಕುಂಟುತ್ತಿದೆ ಎಂದು ಈಗಲೂ ಜನ ಬರುತ್ತಾರೆ. ಈಚೆಗೆ ಹೊಸ ಪ್ರಶ್ನೆಯೊಂದು ಶುರುವಾಗಿದೆ: ತಟ್ಟಿನ ಮೇಲೆ ದೊಡ್ಡವರು ಕೂತರೆ ಅದಕ್ಕೆ ತ್ರಾಸಾಗುತ್ತದೆಯೇ? ಇದಕ್ಕೆ ಅರ್ಧ ಕಾರಣ ನಮ್ಮ ಸೊಲ್ಲಾಪುರ ಜಿಲ್ಲೆಯದೇ ಆದ ಅಕಲೂಜದ ಕುದುರೆ ಬಜಾರು. ಮೊಬೈಲಿನಲ್ಲಿ ಅದರ ವಿಡಿಯೋ ನೋಡದವರಿಲ್ಲ. ಇನ್ನರ್ಧ ಕಾರಣ 2023ರಲ್ಲಿ ಈ ತಟ್ಟಿಗೆ ಸಿಕ್ಕ ಮರ್ಯಾದೆ. ಆ ವರ್ಷ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು ನಮ್ಮ ಕುರುಬರ ಈ ಹೇರು ಕುದುರೆಯನ್ನು 'ಭೀಮಥಡಿ' ಎಂಬ ಪ್ರತ್ಯೇಕ ತಳಿಯೆಂದು ದಾಖಲಿಸಿತು. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ ಮುಂತಾದವುಗಳ ಸಾಲಿನಲ್ಲಿ ಇದು ಎಂಟನೆಯದು. ಅಲ್ಲಿಯವರೆಗೆ ಇದಕ್ಕೆ ಹೆಸರೇ ಇರಲಿಲ್ಲವೆಂದಲ್ಲ. ಸರಕಾರದ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ.

ಭೀಮಾ ನದಿಯ ದಂಡೆಯ ಕುದುರೆ ಎಂದರೆ ಒಂದು ಕಾಲಕ್ಕೆ ದೊಡ್ಡ ಮಾತು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಅರಬ್ಬಿ, ತುರ್ಕಿ ಕುದುರೆಗಳನ್ನು ಇಲ್ಲಿಯ ತಟ್ಟುಗಳೊಂದಿಗೆ ಕೂಡಿಸಿ ಬೆಳೆಸಿದ ತಳಿಯಿದು. ಮರಾಠರ ದಂಡು ಇದರ ಬೆನ್ನ ಮೇಲೆಯೇ ದಖ್ಖನ್ನಿನ ಕಲ್ಲುಗುಡ್ಡಗಳನ್ನು ದಾಟಿತು. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ದಂಡಿನ ಗಿರಾಕಿ ಹೋಯಿತು, ಕುರುಬರ ಹಟ್ಟಿ ಉಳಿಯಿತು. ಪುಣೆಯಲ್ಲಿ ನೌಕರಿ ಮಾಡುವ ನನ್ನ ಅಣ್ಣನ ಮಗ ಇದನ್ನೇ ಹಿಡಿದು ವಾದಿಸುತ್ತಾನೆ: "ಕಾಕಾ, ಕತ್ತಿ ಢಾಲು ಹಿಡಿದ ಸಿಪಾಯಿನ್ನ ಹೊತ್ತದ್ದು ನನ್ನ ಹೊರಂಗಿಲ್ಲೇನು?" ಅವನ ತೂಕ 78 ಕಿಲೋ. ಹೊಲದಲ್ಲಿ ಒಂದು ತಟ್ಟು ಕಟ್ಟಿ ರವಿವಾರಕ್ಕೊಮ್ಮೆ ಬಂದು ಏರಬೇಕೆಂಬ ಆಸೆ ಅವನದು.

ಸಿಪಾಯಿಯ ಲೆಕ್ಕ ಹಾಗೆ ಹಾಕಬಾರದು. ಮರಾಠಾ ಸವಾರ ಹಗುರ ಸಾಮಾನಿನವನು. ಡೇರೆ, ತೋಪು ಎಳೆದುಕೊಂಡು ಹೋಗುವ ಮೊಗಲರ ದಂಡಿಗೂ ಅವನಿಗೂ ಇದ್ದ ಅಂತರವೇ ಅದು. ರೊಟ್ಟಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊರಟ ಆ ಬಡಕಲು ಮನುಷ್ಯನಿಗೂ, ಆಫೀಸಿನ ಕುರ್ಚಿಯಲ್ಲಿ ಮೈ ತುಂಬಿಕೊಂಡ ನಮ್ಮ ಹುಡುಗನಿಗೂ ತಾಳೆಯಿಲ್ಲ.

ಬಾಯಿಮಾತು ಬಿಟ್ಟು ಅಳೆದೇ ನೋಡೋಣವೆಂದು ನಮ್ಮ ಹೊಲದ ಹಟ್ಟಿಗೆ ಅವನನ್ನು ಕರೆದೊಯ್ದೆ. ತಟ್ಟನ್ನು ತೂಗಲು ತಕ್ಕಡಿ ಬೇಕಿಲ್ಲ, ದರ್ಜಿಯ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ ಹಿಡಿಯಿರಿ. ಹೆಗಲ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯವರೆಗೆ ಉದ್ದ ಹಿಡಿಯಿರಿ. ಎರಡೂ ಸೆಂಟಿಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಹಟ್ಟಿಯಲ್ಲಿದ್ದ ಒಳ್ಳೆಯ ಹೆಣ್ಣು ತಟ್ಟಿನ ಸುತ್ತಳತೆ 144, ಉದ್ದ 132. ತೂಕ ಸುಮಾರು 230 ಕಿಲೋ. ಎತ್ತರ ಹೆಗಲಿಗೆ 130 ಸೆಂಟಿಮೀಟರಿನ ಆಸುಪಾಸು, ಅಂದರೆ ಹದಿಮೂರು ಕೈಗಿಂತ ತುಸು ಕಡಿಮೆ.

ಜಗತ್ತಿನ ಕುದುರೆ ಮಂದಿ ಬಹುಕಾಲದಿಂದ ಹಿಡಿದುಕೊಂಡು ಬಂದ ಲೆಕ್ಕ ಒಂದಿದೆ: ಸವಾರ, ಜೀನು, ಲಗಾಮು ಎಲ್ಲ ಸೇರಿ ಕುದುರೆಯ ತೂಕದ ನೂರಕ್ಕೆ ಇಪ್ಪತ್ತನ್ನು ಮೀರಬಾರದು. ಅಮೆರಿಕದ ಸೈನ್ಯ ನೂರು ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿತ್ತು. 2008ರಲ್ಲಿ ಅಲ್ಲಿಯ ಓಹಾಯೋದ ಸಂಶೋಧಕರು ಕುದುರೆಗಳ ಮೇಲೆ ನೂರಕ್ಕೆ 15, 20, 25, 30ರಂತೆ ಭಾರ ಹೇರಿ ಪರೀಕ್ಷಿಸಿದರು. ಇಪ್ಪತ್ತರವರೆಗೆ ಹೆಚ್ಚಿನ ತೊಂದರೆಯಿಲ್ಲ; 25, 30ಕ್ಕೆ ಹೋದಾಗ ಎದೆಬಡಿತ ಏರಿತು, ಸ್ನಾಯು ನೊಂದವು. ಜಪಾನಿನವರು ತಮ್ಮ ನಾಡತಳಿಯ ಗಿಡ್ಡ ಕುದುರೆಗಳ ಹೆಜ್ಜೆಯ ಲಯ ಎಲ್ಲಿ ತಪ್ಪುತ್ತದೆಂದು ಅಳೆದು ನೂರಕ್ಕೆ 29ರವರೆಗೆ ಒಪ್ಪಿದ್ದಾರೆ. ಗಿಡ್ಡ ಜಾತಿ ತನ್ನ ತೂಕಕ್ಕೆ ಹೋಲಿಸಿದರೆ ತುಸು ಹೆಚ್ಚು ಹೊರುತ್ತದೆ ಎಂಬ ಹಳಬರ ಮಾತಿನಲ್ಲಿ ಹುರುಳಿದೆ. ಬೆನ್ನು ಮೋಟು, ಸೊಂಟ ಅಗಲ, ಮೈಗೆ ಹೋಲಿಸಿದರೆ ಮುಂಗಾಲ ನಳಿಗೆ ದಪ್ಪ. ಉದ್ದ ತೊಲೆಗಿಂತ ಗಿಡ್ಡ ತೊಲೆ ಕಡಿಮೆ ಬಾಗುವುದಿಲ್ಲವೇ, ಹಾಗೆ.

ಈಗ ನಮ್ಮ ತಟ್ಟಿಗೆ ಬನ್ನಿ. 230ರಲ್ಲಿ ನೂರಕ್ಕೆ 20 ಎಂದರೆ 46 ಕಿಲೋ. ಧಾರಾಳವಾಗಿ 29 ಹಿಡಿದರೂ 67 ಕಿಲೋ. ಅಣ್ಣನ ಮಗ ಜೀನಿನೊಂದಿಗೆ 85 ಕಿಲೋ, ಅಂದರೆ ನೂರಕ್ಕೆ 37. ನಾನು ಒಣಕಲು ಆಳು, 52 ಕಿಲೋ. ಮಡಚಿದ ಕಂಬಳಿ ಸೇರಿದರೂ 24ರ ಒಳಗೆ. ಟೇಪು ಸುತ್ತಿ ಕಿಸೆಗೆ ಹಾಕಿಕೊಂಡೆ, ಹುಡುಗ ಸುಮ್ಮನಾದ.

ಇದೇ ಮಾತನ್ನು ನಮ್ಮ ದೇಶದ ಕಾನೂನು 1965ರಲ್ಲಿಯೇ ಹೇಳಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಎಳೆಯುವ ಮತ್ತು ಹೇರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳಲ್ಲಿ ಹೇಸರಗತ್ತೆಗೆ 200 ಕಿಲೋ, ಕತ್ತೆಗೆ 50, ಒಂಟೆಗೆ 250, ತಟ್ಟಿಗೆ 70 ಕಿಲೋ ಎಂದು ಮಿತಿ ಹಾಕಿದ್ದಾರೆ. ಅದು ಹೇರಿಗೆ ಹಾಕಿದ ಮಿತಿ, ಸವಾರನಿಗಲ್ಲ. ಆದರೆ ಬೆನ್ನು ಅದೇ ತಾನೇ? ಆ ನಿಯಮದಲ್ಲಿ ಇನ್ನೂ ಮೂರು ಮಾತುಗಳಿವೆ. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮನೆ ಐದು ತಾಸು ಮೀರಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಲೇಬಾರದು. ಏಪ್ರಿಲ್, ಮೇ ತಿಂಗಳಲ್ಲಿ ಸೊಲ್ಲಾಪುರ ನಾಲ್ವತ್ತು ದಾಟುವುದು ಸುದ್ದಿಯೇ ಅಲ್ಲ. ಅದೇ ತಿಂಗಳಲ್ಲಿ ಮದುವೆಯ ವರಾತಗಳೂ. ವರನ ಮುಂದೆ ಅಕ್ಕನ ಮಗ, ಎದುರಿಗೆ ಡಿಜೆ, ಕಾದ ಡಾಂಬರಿನ ಮೇಲೆ ಒಂದೇ ಕಡೆ ನಿಂತ ಕುದುರೆ. ಓಡುವ ಭಾರಕ್ಕಿಂತ ನಿಲ್ಲುವ ಭಾರ ಹಗುರವೆಂದು ತಿಳಿದವರು ಆ ಕುದುರೆಯ ಕಾಲು ಬದಲಿಸುವುದನ್ನು ನೋಡಬೇಕು.

ಹೇರಿಗೂ ಸವಾರನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಎರಡೂ ಬದಿ ಸಮತೂಕವಾಗಿ ಬಿಗಿದ ಹೇರು ಅಲುಗುವುದಿಲ್ಲ, ಆದರೆ ಬೆನ್ನಿಗೆ ಬಿಡುವನ್ನೂ ಕೊಡುವುದಿಲ್ಲ. ಕಲಿತ ಸವಾರ ಕುದುರೆಯ ಹೆಜ್ಜೆಯೊಂದಿಗೆ ತೂಗುತ್ತಾನೆ, ಕಲಿಯದವನು ಕುಕ್ಕುತ್ತಾನೆ. ಜೀನಿನ ಕೆಳಗೆ ಒತ್ತಡ ಅಳೆಯುವ ಚಾಪೆ ಹಾಕಿ ನೋಡಿದವರ ಪ್ರಕಾರ ನಡಿಗೆಯಲ್ಲಿ ಬೆನ್ನಿನ ಮೇಲೆ ಬೀಳುವುದು ಸವಾರನ ತೂಕಕ್ಕಿಂತ ತುಸು ಹೆಚ್ಚು, ಕುಕ್ಕುಲೋಟದಲ್ಲಿ ಎರಡು ಪಟ್ಟಿಗೂ ಮೇಲೆ. ಆದ್ದರಿಂದ 50 ಕಿಲೋದ ಅಡ್ಡಾದಿಡ್ಡಿ ಸವಾರನಿಗಿಂತ 60 ಕಿಲೋದ ಹದವಾದ ಸವಾರನೇ ತಟ್ಟಿಗೆ ಮೇಲು. ನಮ್ಮ ಕಡೆಯ ಕುದುರೆ ಮಂದಿ ರವಾಲ ಚಾಲಿಗೆ ಯಾಕೆ ಅಷ್ಟು ಬೆಲೆ ಕಟ್ಟುತ್ತಾರೆ ಎಂಬುದಕ್ಕೂ ಇಲ್ಲಿ ಉತ್ತರವಿದೆ. ರವಾಲದಲ್ಲಿ ಕುದುರೆ ನೆಗೆಯುವುದಿಲ್ಲ, ಸರಿಯುತ್ತದೆ. ಸವಾರನ ನಡುವೂ ಉಳಿಯುತ್ತದೆ, ಕುದುರೆಯ ಬೆನ್ನೂ ಉಳಿಯುತ್ತದೆ.

ಐಸ್‌ಲ್ಯಾಂಡಿನಲ್ಲಿ ಆರಡಿ ಗಂಡಸರು ಇಷ್ಟೇ ಗಿಡ್ಡ ಕುದುರೆ ಏರುತ್ತಾರಲ್ಲ ಎಂದು ವಿಡಿಯೋ ತೋರಿಸುವವರಿದ್ದಾರೆ. ಎತ್ತರ ಹೆಚ್ಚುಕಡಿಮೆ ಒಂದೇ ಇರಬಹುದು, ತೂಕ ಒಂದಲ್ಲ. ಆ ಕುದುರೆ 350 ಕಿಲೋದ ಸುತ್ತ ತೂಗುತ್ತದೆ. ಮಂಗೋಲರೂ ಗಿಡ್ಡ ಕುದುರೆಯ ಮೇಲೆಯೇ ರಾಜ್ಯ ಕಟ್ಟಿದರು, ಆದರೆ ಒಬ್ಬ ಸವಾರನ ಹಿಂದೆ ಹಲವು ಕುದುರೆ ನಡೆಯುತ್ತಿದ್ದವು. ಒಂದು ದಣಿದರೆ ಇನ್ನೊಂದು. ಒಂದೇ ತಟ್ಟು ಕಟ್ಟಿಕೊಂಡವನು ಮಂಗೋಲರ ಉದಾಹರಣೆ ಕೊಡಬಾರದು.

ಇಷ್ಟಾದ ಮೇಲೂ ತಟ್ಟು ತಗೊಳ್ಳುವೆನೆಂದು ಅಕಲೂಜಕ್ಕೋ ಪಂಢರಾಪುರದ ಕಡೆಗೋ ಹೊರಟವರು ನಾಲ್ಕು ಕಡೆ ಕಣ್ಣು ಹಾಯಿಸಿ. ಬೆನ್ನ ಮೇಲೆ ಬಿಳಿ ಕೂದಲ ಮಚ್ಚೆ ಇದ್ದರೆ ಅದು ಬಹುಮಟ್ಟಿಗೆ ಹಳೆಯ ಜೀನಿನ ಗಾಯ. ಬೆನ್ನೆಲುಬಿನ ಎರಡೂ ಬದಿ ಬೆರಳಿಂದ ಒತ್ತುತ್ತ ಹೋಗಿ. ಕುಗ್ಗಿದರೆ, ಕಿವಿ ಹಿಂದೆ ಮಡಚಿದರೆ ಬೇಡ. ಬಾಯಿ ತೆರೆದು ಹಲ್ಲು ನೋಡಿ. ಕುದುರೆಗೆ ಬಾಯಿ ತುಂಬುವುದು ಐದು ವರ್ಷಕ್ಕೆ, ಬೆನ್ನೆಲುಬು ಪೂರ್ತಿ ಬಲಿಯಲು ಅದಕ್ಕೂ ತುಸು ಹೆಚ್ಚು ಕಾಲ ಬೇಕು. ಎರಡು ವರ್ಷದ ಮರಿಯನ್ನು ಪಳಗಿಸಿದ್ದೇನೆ, ಏರಿ ಎನ್ನುವ ದಲಾಲನ ಮಾತು ಕೇಳಬೇಡಿ. ಗ್ಲ್ಯಾಂಡರ್ಸ್ ರೋಗಕ್ಕೆ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಅದು ಮನುಷ್ಯರಿಗೂ ಹತ್ತುವ ರೋಗ. ಏರಿ ಇಳಿದ ಮೇಲೆ ದವಡೆಯ ಕೆಳಗೆ ನಾಡಿ ಹಿಡಿದು ನೋಡುವ ರೂಢಿ ಇಟ್ಟುಕೊಳ್ಳಿ. ನೆರಳಲ್ಲಿ ನಿಲ್ಲಿಸಿದ ಹತ್ತು ಹದಿನೈದು ನಿಮಿಷದಲ್ಲಿ ನಿಮಿಷಕ್ಕೆ 60ರ ಒಳಗೆ ಇಳಿಯದಿದ್ದರೆ ಭಾರವೋ ದೂರವೋ ಹೆಚ್ಚಾಗಿದೆ.

ನನ್ನ ತೀರ್ಪು ಇಷ್ಟು. ಐದು ವರ್ಷ ದಾಟಿದ, ಮೈ ತುಂಬಿದ, 230-240 ಕಿಲೋದ ಭೀಮಥಡಿಯ ಮೇಲೆ ಜೀನು ಸೇರಿ 55-60 ಕಿಲೋದ ದೊಡ್ಡವರು ತಂಪು ಹೊತ್ತಿನಲ್ಲಿ ನಡಿಗೆಯಲ್ಲೋ ರವಾಲದಲ್ಲೋ ಒಂದು ತಾಸು ನಿಶ್ಚಿಂತೆಯಿಂದ ಹೋಗಬಹುದು. 70 ಎಂದರೆ ಕಡೆಯ ಗೆರೆ, ಅದೂ ಸಮತಟ್ಟು ದಾರಿಯಲ್ಲಿ, ತುಸು ಹೊತ್ತು. 80 ಕಿಲೋದವರಿಗೆ 400 ಕಿಲೋ ದಾಟಿದ ಮಾರವಾಡಿ ಕುದುರೆ ಬೇಕು. ಅದನ್ನು ಸಾಕುವ ಶಕ್ತಿ ಇಲ್ಲದಿದ್ದರೆ ತಟ್ಟಿನ ಹಗ್ಗ ಹಿಡಿದು ಪಕ್ಕದಲ್ಲಿ ನಡೆಯಿರಿ, ಮಕ್ಕಳನ್ನು ಮೇಲೆ ಕೂಡ್ರಿಸಿ.