ಯಾವುದು ಯಾವ ವಿಭಾಗಕ್ಕೆ? ಹವ್ಯಾಸ ಪ್ರದರ್ಶನಕ್ಕೆ ವಸ್ತುಗಳನ್ನು ಕೊಡುವ ಮುನ್ನ



ಬರುವ ರಾಜ್ಯೋತ್ಸವ ಕಾರ್ಯಕ್ರಮದ ಜೊತೆಗೆ ಎಂದಿನಂತೆ ಹವ್ಯಾಸ ಪ್ರದರ್ಶನವೂ ನಡೆಯಲಿದೆ. ಅಂಚೆಚೀಟಿ, ಹಳೆಯ ಪತ್ರ, ನಾಣ್ಯ ಕೂಡಿಟ್ಟಿರುವ ಸದಸ್ಯರು ಈಗಾಗಲೇ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಹೆಚ್ಚಿನವರದು ಒಂದೇ ಪ್ರಶ್ನೆ: "ನಮ್ಮ ಮನೆಯಲ್ಲಿ ಹಳೆಯದೇನೋ ಇದೆ, ಅದನ್ನು ಯಾವ ವಿಭಾಗಕ್ಕೆ ಕೊಡಬೇಕು?" ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಉತ್ತರಿಸುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ತಿಳಿಸುವುದು ಮೇಲೆಂದು ಇದನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಮ್ಮೆ ಸೂಚನಾಪತ್ರದಲ್ಲಿ "ಮನೆಯಲ್ಲಿರುವ ಹಳೆಯ ಅಂಚೆಚೀಟಿಗಳನ್ನು ತನ್ನಿ" ಎಂದಷ್ಟೇ ಬರೆದಿದ್ದೆವು. ಹಿರಿಯ ಸದಸ್ಯರೊಬ್ಬರು ಅದನ್ನು ಓದಿ, ತಮ್ಮ ತಂದೆಗೆ ಬಂದಿದ್ದ ಪತ್ರಗಳ ಕಟ್ಟನ್ನು ಬಿಚ್ಚಿ, ಲಕೋಟೆಗಳನ್ನೆಲ್ಲ ನೀರಿನಲ್ಲಿ ನೆನೆಸಿ, ಚೀಟಿಗಳನ್ನು ಬಿಡಿಸಿ ಆಲ್ಬಂನಲ್ಲಿ ಅಂದವಾಗಿ ಅಂಟಿಸಿಕೊಂಡು ಬಂದರು. ಆ ಚೀಟಿಗಳು ಕೋಟಿಗಟ್ಟಲೆ ಅಚ್ಚಾದಂಥವು, ಯಾವ ಆಲ್ಬಂನಲ್ಲೂ ಸಿಗುವಂಥವು. "ಲಕೋಟೆಗಳು ಎಲ್ಲಿವೆ ಸರ್?" ಎಂದು ಕೇಳಿದೆವು. "ಒದ್ದೆ ಕಾಗದ ಯಾಕೆ ಅಂತ ಬಚ್ಚಲ ಒಲೆಗೆ ಹಾಕಿದೆ" ಎಂದರು. ಊರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋದ ವರ್ಷಗಳಲ್ಲಿ ಬಂದ ಪತ್ರಗಳವು. ಕನ್ನಡದ ವಿಳಾಸ, ಜಿಲ್ಲೆಯ ಹೆಸರು, ಹಾದಿಯ ಅಂಚೆ ಮುದ್ರೆಗಳು ಎಲ್ಲವೂ ಒಲೆ ಸೇರಿದವು. ಈ ತಪ್ಪು ಅವರದಲ್ಲ, ನಮ್ಮ ಸೂಚನಾಪತ್ರದ್ದು. ಅಂಥದು ಇನ್ನೊಮ್ಮೆ ಆಗಬಾರದು.

ವಿಭಾಗಗಳು ಏಕೆ ಬೇಕು?

ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು. ಕಡತ ಸರಿಯಾದ ಶಾಖೆಗೆ ಹೋದರೆ ಓದುವವರು ಸಿಗುತ್ತಾರೆ. ತಪ್ಪು ಶಾಖೆಗೆ ಹೋದರೆ ಎಷ್ಟೇ ಮುಖ್ಯವಾದ ಕಾಗದವಾದರೂ ಮೂಲೆ ಸೇರುತ್ತದೆ. ಪ್ರದರ್ಶನದಲ್ಲೂ ಹಾಗೆಯೇ. ಪ್ರತಿ ವಿಭಾಗಕ್ಕೂ ನೋಡುವ ಕಣ್ಣು ಬೇರೆ. ಅಂಚೆ ಇಲಾಖೆಯ ಕರ್ನಾಪೆಕ್ಸ್, ಕೇರಾಪೆಕ್ಸ್, ತನಾಪೆಕ್ಸ್, ಮಹಾಪೆಕ್ಸ್‌ನಂಥ ರಾಜ್ಯಮಟ್ಟದ ಪ್ರದರ್ಶನಗಳಲ್ಲೂ ವಿಭಾಗಗಳಿರುತ್ತವೆ. ತೀರ್ಪುಗಾರರು ಆಯಾ ವಿಭಾಗದ ಅಳತೆಗೋಲಿನಲ್ಲೇ ಅಂಕ ಕೊಡುತ್ತಾರೆ. ನಾಳೆ ನಮ್ಮ ಮಕ್ಕಳು ಅಲ್ಲಿಗೆ ಹೋಗುವಂತಾಗಲಿ ಎಂದು ನಾವೂ ಸರಿಸುಮಾರು ಅದೇ ಕ್ರಮವನ್ನು ಇಟ್ಟುಕೊಂಡಿದ್ದೇವೆ.

1. ಚೀಟಿ ವಿಭಾಗ

ಇಲ್ಲಿ ಚೀಟಿಯೇ ನಾಯಕ. ಯಾವ ವರ್ಷದ ಮುದ್ರಣ, ಯಾವ ಬಣ್ಣ, ಅಂಚಿನ ಹಲ್ಲು ಎಷ್ಟು, ಕಾಗದದೊಳಗೆ ನೀರುಗುರುತು ಇದೆಯೇ, ಅಚ್ಚಿನಲ್ಲಿ ದೋಷವಿದೆಯೇ ಎಂಬುದನ್ನು ಇಲ್ಲಿ ನೋಡುತ್ತಾರೆ. 1957ರ ಏಪ್ರಿಲ್ 1ರಂದು ನಯಾ ಪೈಸೆ ಬರುವ ಮುಂಚಿನ ಆಣೆಯ ಚೀಟಿಗಳು, ಹೈದರಾಬಾದ್ ಸಂಸ್ಥಾನ 1869ರಿಂದ ಹೊರಡಿಸಿದ ತನ್ನದೇ ಚೀಟಿಗಳು, ಗೋವಾದಲ್ಲಿ ಪೋರ್ಚುಗೀಸರ ಕಾಲದ ಚೀಟಿಗಳು ಬಿಡಿಯಾಗಿ ಇದ್ದರೆ ಅವುಗಳ ಜಾಗ ಇದು. ಚೀಟಿ ಈಗಾಗಲೇ ಬಿಡಿಯಾಗಿದ್ದರೆ ಮಾತ್ರ ಇಲ್ಲಿಗೆ ತನ್ನಿ. ಲಕೋಟೆಯ ಮೇಲಿರುವ ಚೀಟಿಯನ್ನು ಈ ವಿಭಾಗಕ್ಕಾಗಿ ಬಿಡಿಸಬೇಡಿ.

2. ಅಂಚೆ ಇತಿಹಾಸ ವಿಭಾಗ

ಗಡಿನಾಡಿನ ನಮಗೆ ಇದು ಎಲ್ಲಕ್ಕಿಂತ ಮುಖ್ಯ. ಇಲ್ಲಿ ನೋಡುವುದು ಪತ್ರದ ಪ್ರಯಾಣವನ್ನು: ಎಲ್ಲಿಂದ ಹೊರಟಿತು, ಎಷ್ಟು ದರ ಕೊಟ್ಟರು, ಯಾವ ಊರುಗಳ ಮುದ್ರೆ ಬಿತ್ತು, ಯಾವಾಗ ತಲುಪಿತು. ಚೀಟಿ ಎಷ್ಟೇ ಸಾಧಾರಣವಾಗಿರಲಿ, ಲಕೋಟೆ ಪೂರ್ತಿ ಇರಬೇಕು. ಹಿಂಬದಿಯನ್ನೂ ನೋಡಿ, ತಲುಪಿದ ಊರಿನ ಮುದ್ರೆ ಹೆಚ್ಚಾಗಿ ಅಲ್ಲಿರುತ್ತದೆ. ವರ್ಗವಾಗಿ ಹೋದವರ ಹೆಸರಿಗೆ ಬಂದು ವಿಳಾಸ ತಿದ್ದಿ ಕಳಿಸಿದ ಪತ್ರ, ಸಾಕಷ್ಟು ಚೀಟಿ ಅಂಟಿಸದೆ ತಲುಪಿದಲ್ಲಿ ಹಣ ಕಟ್ಟಿಸಿಕೊಂಡ ಬೇರಿಂಗ್ ಪತ್ರ, ಇವೂ ಇಲ್ಲಿಗೇ ಸೇರುತ್ತವೆ.

ನಮ್ಮ ಊರುಗಳ ವಿಳಾಸಗಳು ಎಷ್ಟು ಸಲ ಬದಲಾಗಿವೆ ನೋಡಿ. ಕಾಸರಗೋಡು 1956ರ ಅಕ್ಟೋಬರ್ ಕೊನೆಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ನವೆಂಬರ್ 1ರಿಂದ ಕೇರಳಕ್ಕೆ ಸೇರಿತು. 1984ರಲ್ಲಿ ತಾನೇ ಒಂದು ಜಿಲ್ಲೆಯಾಯಿತು. ಆದವಾನಿ ಮತ್ತು ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್‌ನಲ್ಲಿ ಬಳ್ಳಾರಿ ಮೈಸೂರಿಗೆ ಬಂದಾಗ ಇವು ಆಂಧ್ರದಲ್ಲಿ ಉಳಿದು, ಆದವಾನಿ ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಹೊಸೂರು ಮೊದಲು ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಸೊಲ್ಲಾಪುರದ ವಿಳಾಸದಲ್ಲಿ ಮುಂಬಯಿ ರಾಜ್ಯ ಹೋಗಿ ಮಹಾರಾಷ್ಟ್ರ ಬಂದದ್ದು 1960ರ ಮೇ 1ರಿಂದ. ಇದರ ಮೇಲೆ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಮೊದಲ ಅಂಕಿ ಕಾಸರಗೋಡು, ಹೊಸೂರುಗಳಿಗೆ 6, ಆದವಾನಿಗೆ 5, ಸೊಲ್ಲಾಪುರ, ಗೋವಾಗಳಿಗೆ 4.

ಮನೆ ಕದಲಲಿಲ್ಲ, ಅಂಚೆಯಣ್ಣನೂ ಬಹುಶಃ ಅವನೇ, ವಿಳಾಸ ಮಾತ್ರ ಬದಲಾಯಿತು. ಹಳೆಯ ಕಟ್ಟಿನಲ್ಲಿ 1957-58ರ ಒಂದು ಕಾರ್ಡು ಸಿಕ್ಕಿದರೆ, ಬರೆದವರು ಇನ್ನೂ ಹಳೆಯ ಜಿಲ್ಲೆಯ ಹೆಸರನ್ನೇ ಬರೆದಿದ್ದಾರೆಯೇ ಎಂದು ನೋಡಿ. ಕೈಯ ರೂಢಿ ಸರಕಾರದ ಆಜ್ಞೆಯಷ್ಟು ಬೇಗ ಬದಲಾಗುವುದಿಲ್ಲ. ಈ ಊರುಗಳಲ್ಲಿ ಕನ್ನಡದಲ್ಲೇ ವಿಳಾಸ ಬರೆದು ಪತ್ರ ಹಾಕುತ್ತಿದ್ದರು, ಅದು ತಲುಪುತ್ತಲೂ ಇತ್ತು ಎಂಬುದಕ್ಕೆ ಲಕೋಟೆಯ ಮೇಲಿನ ತಾರೀಕಿನ ಮುದ್ರೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಭಾಷಣದಲ್ಲಿ ನಾವು ಹೇಳುವುದನ್ನು ಅಲ್ಲಗಳೆಯಬಹುದು, ಈ ಮುದ್ರೆಯನ್ನು ಅಲ್ಲಗಳೆಯಲಾಗುವುದಿಲ್ಲ.

3. ವಿಷಯ ವಿಭಾಗ

ಇಲ್ಲಿ ನೋಡುವುದು ಚೀಟಿಯ ಮೇಲಿನ ಚಿತ್ರ ಮತ್ತು ಅದರಿಂದ ಕಟ್ಟುವ ಕಥೆಯನ್ನು. ವಿಶ್ವೇಶ್ವರಯ್ಯನವರ ಚೀಟಿ 1960ರಲ್ಲಿ, ಪುರಂದರದಾಸರ ಚೀಟಿ 1964ರಲ್ಲಿ, ಬಸವೇಶ್ವರರ ಚೀಟಿ 1967ರಲ್ಲಿ ಬಂದವು. ಇಂಥವನ್ನು ಕೂಡಿಸಿ "ಕನ್ನಡ ನಾಡಿನ ಸಾಧಕರು" ಎಂದು ಜೋಡಿಸಬಹುದು. ಹಕ್ಕಿ, ರೈಲು, ಸಂಗೀತ ವಾದ್ಯ, ಯಾವ ವಿಷಯವಾದರೂ ಆಗಬಹುದು. ಕೈಗೆ ಸಿಕ್ಕಿದ್ದನ್ನೆಲ್ಲ ಅಂಟಿಸಿದರೆ ವಿಷಯವಾಗುವುದಿಲ್ಲ. ಮೊದಲ ಹಾಳೆಯಲ್ಲಿ ಶೀರ್ಷಿಕೆ ಮತ್ತು ಯೋಜನೆ ಬರೆದು, ಪ್ರತಿ ಹಾಳೆ ಮುಂದಿನ ಹಾಳೆಗೆ ದಾರಿ ಮಾಡಿಕೊಡುವಂತಿರಬೇಕು.

4. ಅಂಚೆ ಸಾಮಗ್ರಿ ವಿಭಾಗ

ಕಾರ್ಡು, ಇನ್‌ಲ್ಯಾಂಡ್ ಪತ್ರ, ಚೀಟಿಯನ್ನು ಕಾಗದದ ಮೇಲೆಯೇ ಅಚ್ಚು ಮಾಡಿದ ಲಕೋಟೆಗಳು ಇಲ್ಲಿ. ನಮ್ಮ ದೇಶದಲ್ಲಿ ಅಂಚೆ ಕಾರ್ಡು ಬಂದದ್ದು 1879ರಲ್ಲಿ, ಕಾಲು ಆಣೆಗೆ. ಅಚ್ಚಾದ ಚೀಟಿಯ ಭಾಗವನ್ನು ಕತ್ತರಿಸಿ ಆಲ್ಬಂಗೆ ಹಾಕುವ ಚಾಳಿ ಕೆಲವರಿಗಿದೆ. ಕತ್ತರಿಸಿದ ಕೂಡಲೇ ಕಾರ್ಡು ಕಾರ್ಡಾಗಿ ಉಳಿಯುವುದಿಲ್ಲ. ಇಡಿಯಾಗಿ ತನ್ನಿ.

5. ರೆವಿನ್ಯೂ ಮತ್ತು ಕೋರ್ಟ್ ಫೀ ವಿಭಾಗ

ಹಳೆಯ ರಸೀದಿ, ಛಾಪಾ ಕಾಗದ, ಕೋರ್ಟ್ ಫೀ ಚೀಟಿಗಳು ಅಂಚೆಯವಲ್ಲ, ಆದ್ದರಿಂದ ಚೀಟಿ ವಿಭಾಗಕ್ಕೆ ತರಬೇಡಿ. ಅನೇಕ ಸಂಸ್ಥಾನಗಳು ಇಂಥ ಕಾಗದಗಳನ್ನು ತಾವೇ ಅಚ್ಚು ಹಾಕಿಸುತ್ತಿದ್ದವು. ಅಕ್ಕಲಕೋಟೆ, ಜತ್ತ ಕೂಡ 1948ರವರೆಗೆ ಸಂಸ್ಥಾನಗಳೇ. ಅಲ್ಲಿನ ಸದಸ್ಯರು ಮೋಡಿ ಅಕ್ಷರದ ಕಾಗದಗಳನ್ನು ಓದಲು ಬಾರದೆಂದು ಎಸೆಯದೆ ಒಮ್ಮೆ ತೋರಿಸಿ. ಒಂದು ಎಚ್ಚರಿಕೆ: ಜಮೀನಿನ ಚಾಲ್ತಿ ದಾಖಲೆ, ವ್ಯಾಜ್ಯದಲ್ಲಿರುವ ಕಾಗದ ಇವುಗಳ ಮೂಲಪ್ರತಿಯನ್ನು ಯಾವ ಕಾರಣಕ್ಕೂ ಪ್ರದರ್ಶನಕ್ಕೆ ಕೊಡಬೇಡಿ. ನೆರಳಚ್ಚು ಪ್ರತಿ ಸಾಕು.

6. ನಾಣ್ಯ ಮತ್ತು ನೋಟು

ಇವುಗಳಿಗೆ ಮೇಜು ಬೇರೆಯೇ ಇದೆ. ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಹೊಳೆಯಿಸಿ ತರಬೇಡಿ. ಹೊಳಪು ಬಂದಷ್ಟೂ ಬೆಲೆ ಹೋಗುತ್ತದೆ, ಅಕ್ಷರವೂ ಸವೆಯುತ್ತದೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯಿದೆಯ ಕೆಳಗೆ ಬರಬಹುದು. ಅಂಥವನ್ನು ಹೊರದೇಶಕ್ಕೆ ಒಯ್ಯುವಂತಿಲ್ಲ ಎಂಬುದು ಪರದೇಶದಲ್ಲಿ ಮಕ್ಕಳಿರುವವರಿಗೆ ನೆನಪಿರಲಿ.

ಒಂದೇ ವಸ್ತುವಿಗೆ ಎರಡು ಮನೆ ಇದ್ದರೆ?

ಇದೇ ಹೆಚ್ಚು ಗೊಂದಲ ಮಾಡುವುದು. ಬಸವೇಶ್ವರರ ಚೀಟಿ ಅಂಟಿಸಿದ ಲಕೋಟೆಯೊಂದು 1967ರಲ್ಲಿ ಹೊಸೂರಿನಿಂದ ಸೊಲ್ಲಾಪುರಕ್ಕೆ ಹೋಗಿದೆ ಎಂದಿಟ್ಟುಕೊಳ್ಳಿ. ಅದು ವಿಷಯ ವಿಭಾಗಕ್ಕೋ ಅಂಚೆ ಇತಿಹಾಸಕ್ಕೋ? ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಿ: "ನೋಡುವವರಿಗೆ ಇದರ ಬಗ್ಗೆ ನಾನು ಏನು ಹೇಳಬೇಕೆಂದಿದ್ದೇನೆ?" ಶರಣರ ಬಗ್ಗೆ ಹೇಳುವುದಾದರೆ ವಿಷಯ ವಿಭಾಗ. ಪತ್ರ ಹೋದ ದಾರಿಯ ಬಗ್ಗೆ, ದರದ ಬಗ್ಗೆ, ಮುದ್ರೆಯ ಬಗ್ಗೆ ಹೇಳುವುದಾದರೆ ಅಂಚೆ ಇತಿಹಾಸ. ಮನೆ ಒಂದೇ ಇರಲಿ. ಒಂದೇ ವಸ್ತುವನ್ನು ಎರಡು ವಿಭಾಗಕ್ಕೂ ಬರೆಸಿ, ಎಲ್ಲಿ ಬಹುಮಾನ ಬರುತ್ತದೋ ನೋಡೋಣ ಎನ್ನುವುದು ಸರಿಯಲ್ಲ, ಇನ್ನೊಬ್ಬರ ಜಾಗವನ್ನು ಹಿಡಿದಂತಾಗುತ್ತದೆ. ತೀರ್ಮಾನವಾಗದಿದ್ದರೆ ಫಾರಂನಲ್ಲಿ ವಿಭಾಗದ ಜಾಗ ಖಾಲಿ ಬಿಡಿ, ಕೂತು ಮಾತಾಡಿ ನಿರ್ಧರಿಸೋಣ.

ಪಾಲಿಸಬೇಕಾದ ಕೆಲವು ಮರ್ಯಾದೆಗಳು

ಒಂದು ಚೌಕಟ್ಟಿಗೆ ಎ4 ಅಳತೆಯ 16 ಹಾಳೆ. ಮೊದಲ ಸಲ ಬರುವವರು ಒಂದೇ ಚೌಕಟ್ಟಿಗೆ ನಿಲ್ಲಿಸಿ. ಹೆಚ್ಚು ಇದ್ದರೆ ಆರಿಸಿ ತನ್ನಿ, ಇರುವುದನ್ನೆಲ್ಲ ತುರುಕಬೇಡಿ.

ಗೋಂದು, ಸೆಲೋ ಟೇಪು, ಸ್ಟೇಪ್ಲರ್ ಪಿನ್ನು ಬೇಡ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ನಾಲ್ಕು ಮೂಲೆಗೆ ಕಾಗದದ ಮೂಲೆಚೀಲ ಮಾಡಿ ಸಿಕ್ಕಿಸಿ. ಕರಾವಳಿಯ ಸದಸ್ಯರು ಮಳೆಗಾಲದಲ್ಲಿ ಆಲ್ಬಂಗಳನ್ನು ಮಲಗಿಸದೆ ನಿಲ್ಲಿಸಿಡಿ, ಆಗಾಗ ಗಾಳಿಗೆ ತೆರೆದಿಡಿ.

ಪ್ರತಿ ಹಾಳೆಯ ಕೆಳಗೆ ಎರಡು ಸಾಲು ಕನ್ನಡದಲ್ಲಿ ಬರೆಯಿರಿ: ಏನು, ಯಾವ ಊರು, ಯಾವ ವರ್ಷ. ಗೊತ್ತಿಲ್ಲದ್ದನ್ನು ಊಹಿಸಿ ಬರೆಯುವುದು ಬೇಡ. "ಅಪರೂಪದ್ದು", "ಲಕ್ಷ ಬೆಲೆ" ಎಂದೆಲ್ಲ ಬರೆಯುವುದೂ ಬೇಡ. ಮಾರಾಟಕ್ಕೆ ಇದು ಜಾಗವಲ್ಲ.

ಪತ್ರದೊಳಗಿನ ಮಾತು ಮನೆಯ ಮಾತು. ಮದುವೆ ಮುರಿದದ್ದು, ಸಾಲ, ಕಾಯಿಲೆ ಇಂಥ ಸಂಗತಿಗಳಿದ್ದರೆ ಒಳಗಿನ ಕಾಗದವನ್ನು ಮನೆಯಲ್ಲೇ ಇಟ್ಟು ಲಕೋಟೆ ಮಾತ್ರ ತನ್ನಿ. ಪತ್ರ ಬರೆದವರ ಮನೆಯವರು ಇದ್ದರೆ ಒಂದು ಮಾತು ಕೇಳಿ ತನ್ನಿ.

ಯಾರಾದರೂ ತಪ್ಪು ವಿಭಾಗಕ್ಕೆ ತಂದರೆ ಎಲ್ಲರೆದುರು "ಇದು ಇಲ್ಲಿಗಲ್ಲ" ಎಂದು ತಳ್ಳಬೇಡಿ. ಪಕ್ಕಕ್ಕೆ ಕರೆದು, ಸರಿಯಾದ ಮೇಜಿನವರೆಗೆ ಜೊತೆಗೆ ಹೋಗಿ ಬಿಟ್ಟು ಬನ್ನಿ. ಮಕ್ಕಳ ವಿಷಯದಲ್ಲಂತೂ ಇದು ಬಹಳ ಮುಖ್ಯ. ಒಮ್ಮೆ ಮುಖ ಮುರಿದು ಕಳಿಸಿದ ಮಗು ಮತ್ತೆ ಆಲ್ಬಂ ತೆರೆಯುವುದಿಲ್ಲ.

ಕೊನೆಯದಾಗಿ

ಪ್ರವೇಶ ಫಾರಂ ಆಯಾ ಊರಿನ ಪ್ರತಿನಿಧಿಗಳಲ್ಲಿ ಸಿಗುತ್ತದೆ. ಅಕ್ಟೋಬರ್ ಮುಗಿಯುವುದರೊಳಗೆ ತುಂಬಿ ಕೊಡಿ. ವಸ್ತುಗಳನ್ನು ಅಂಚೆಯಲ್ಲಿ ಕಳಿಸಬೇಡಿ, ಪ್ರದರ್ಶನದ ದಿನ ಕೈಯಾರೆ ತಂದು, ಪಟ್ಟಿಗೆ ಸಹಿ ಮಾಡಿಸಿಕೊಂಡು ಒಪ್ಪಿಸಿ, ಸಂಜೆ ಪಟ್ಟಿ ನೋಡಿಯೇ ವಾಪಸ್ ಪಡೆಯಿರಿ.

ಈ ನಡುವೆ ಒಂದು ಕೆಲಸ ಮಾಡಿ. ಅಟ್ಟದಲ್ಲೋ ಹಳೆಯ ಟ್ರಂಕಿನಲ್ಲೋ ಪತ್ರಗಳ ಕಟ್ಟು ಇದ್ದರೆ ಕೆಳಗಿಳಿಸಿ. ನೀರಿಗೆ ಹಾಕಬೇಡಿ, ಕತ್ತರಿ ಮುಟ್ಟಿಸಬೇಡಿ, ಚೀಟಿ ಚೆಂದವಿಲ್ಲವೆಂದು ಎಸೆಯಬೇಡಿ. ಹೇಗಿದೆಯೋ ಹಾಗೆಯೇ ತನ್ನಿ. ಯಾವ ವಿಭಾಗ ಎಂಬುದನ್ನು ಆಮೇಲೆ ಸೇರಿ ನೋಡೋಣ. ಆ ಹಿರಿಯರು ಈ ಸಲವೂ ಬರುವುದಾಗಿ ಹೇಳಿದ್ದಾರೆ. ಒಲೆಗೆ ಬೀಳದೆ ಪುಸ್ತಕದ ನಡುವೆ ಉಳಿದಿದ್ದ ಒಂದೇ ಒಂದು ಲಕೋಟೆ ಅವರಿಗೆ ಸಿಕ್ಕಿದೆಯಂತೆ. ಅಂಚೆ ಇತಿಹಾಸ ವಿಭಾಗದ ಮೊದಲ ಚೌಕಟ್ಟಿನಲ್ಲಿ ಅದಕ್ಕೆ ಜಾಗ ಇಟ್ಟಿದ್ದೇವೆ.



ಕಾರ್ಯದರ್ಶಿ